ಒಂದು ವಾರ್ಡಿಗೆ ಒಬ್ಬರೇ ಸದಸ್ಯರು ಏಕೆ? ಕೊಪ್ಪಳ, ರಾಯಚೂರು, ಬಳ್ಳಾರಿಯ ಲೆಕ್ಕ

ಕೊಪ್ಪಳ ನಗರಸಭೆಗೆ 31 ವಾರ್ಡ್‌ಗಳು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 70,698 ಇತ್ತು. ಭಾಗಿಸಿದರೆ ವಾರ್ಡಿಗೆ ಸರಾಸರಿ 2,280 ಜನ. ಇದರಲ್ಲಿ ಮಕ್ಕಳನ್ನು ಬಿಟ್ಟು, ದುಡಿಯಲು ಊರು ಬಿಟ್ಟವರನ್ನು ಮತ್ತು ಮತಗಟ್ಟೆಯ ಕಡೆ ತಲೆಹಾಕದವರನ್ನು ಕಳೆದರೆ, ಪೆಟ್ಟಿಗೆಗೆ ಬೀಳುವುದು ಸಾವಿರದಿಂದ ಸಾವಿರದಿನ್ನೂರು ಮತ ಎಂದು ಅಂದಾಜು ಮಾಡಬಹುದು. ಕಣದಲ್ಲಿ ಆರು ಮಂದಿ ಇದ್ದರೆ ಮುನ್ನೂರೈವತ್ತು ಮತ ಪಡೆದವರೂ ಗೆದ್ದು ಬರಬಹುದು. ಗವಿಮಠದ ಜಾತ್ರೆಯ ದಾಸೋಹದಲ್ಲಿ ಒಂದು ಹೊತ್ತಿಗೆ ಉಣ್ಣುವವರ ಸಂಖ್ಯೆಯ ಮುಂದೆ ಇದು ಏನೇನೂ ಅಲ್ಲ. ನಾಲ್ಕು ದೊಡ್ಡ ಮನೆತನಗಳು, ಎರಡು ಓಣಿ, ಒಂದು ಸಂಘ ಒಟ್ಟಾದರೆ ಚುನಾವಣೆ ಮುಗಿದಂತೆಯೇ.

ಬಳ್ಳಾರಿಯಲ್ಲಿ ಲೆಕ್ಕ ಬೇರೆ. ಅಲ್ಲಿನ ಮಹಾನಗರ ಪಾಲಿಕೆಗೆ 39 ವಾರ್ಡ್, 2011ರ ಜನಸಂಖ್ಯೆ 4,10,445. ಅಂದರೆ ವಾರ್ಡಿಗೆ ಹತ್ತು ಸಾವಿರದ ಐನೂರು ಜನ. 35 ವಾರ್ಡ್‌ಗಳಿದ್ದ ರಾಯಚೂರು ನಗರಸಭೆಯಲ್ಲಿ ವಾರ್ಡಿಗೆ 6,700ರಷ್ಟು, ಅಷ್ಟೇ ವಾರ್ಡ್‌ಗಳ ಗಂಗಾವತಿಯಲ್ಲಿ 3,300ರಷ್ಟು. ಗಾತ್ರ ಎಷ್ಟೇ ಬೇರೆಯಾದರೂ ಪದ್ಧತಿ ಮಾತ್ರ ಎಲ್ಲ ಕಡೆ ಒಂದೇ: ವಾರ್ಡಿಗೆ ಒಬ್ಬ ಸದಸ್ಯ, ಮತದಾರನಿಗೆ ಒಂದು ಮತ, ಹೆಚ್ಚು ಮತ ಪಡೆದವರಿಗೆ ಗೆಲುವು, ಪ್ರತಿ ಚುನಾವಣೆಗೂ ಬದಲಾಗುವ ಮೀಸಲಾತಿ.

ನಗರಾಡಳಿತದ ಚುನಾವಣೆ ಬದಲಾಗಬೇಕೆಂಬ ಮಾತು ಈಗ ಮೂರು ದಿಕ್ಕಿನಲ್ಲಿ ಹರಿಯುತ್ತಿದೆ. ಮತಯಂತ್ರ ಬೇಕೋ ಮತಪತ್ರ ಬೇಕೋ ಎಂಬುದು ಒಂದು. ಮೇಯರ್ ಮತ್ತು ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕೇ ಎಂಬುದು ಇನ್ನೊಂದು. ವಾರ್ಡ್‌ಗಳ ಗಡಿ ಮತ್ತು ಮೀಸಲಾತಿಯನ್ನು ಯಾರು ನಿಗದಿ ಮಾಡಬೇಕು ಎಂಬುದು ಮೂರನೆಯದು. ಮೊದಲನೆಯದಕ್ಕೆ ಸದ್ದು ಹೆಚ್ಚು, ಮೂರನೆಯದಕ್ಕೆ ಮಹತ್ವ ಹೆಚ್ಚು. ಆದರೆ ಈ ಮೂರರ ಅಡಿಯಲ್ಲಿಯೂ ಇರುವ, ಯಾರೂ ಎತ್ತದ ಪ್ರಶ್ನೆಯೊಂದಿದೆ. ಒಂದು ವಾರ್ಡಿಗೆ ಒಬ್ಬರೇ ಸದಸ್ಯರು ಇರಬೇಕೆಂದು ಹೇಳಿದವರು ಯಾರು?

ಸಂವಿಧಾನವಂತೂ ಹೇಳಿಲ್ಲ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೇ ತಿದ್ದುಪಡಿಯ 243ಆರ್ ವಿಧಿಯು, ನಗರಸಂಸ್ಥೆಯ ಸ್ಥಾನಗಳನ್ನು ವಾರ್ಡ್ ಎಂಬ ಪ್ರಾದೇಶಿಕ ಕ್ಷೇತ್ರಗಳಿಂದ ನೇರ ಚುನಾವಣೆಯ ಮೂಲಕ ತುಂಬಬೇಕು ಎನ್ನುತ್ತದೆ. ಆದ್ದರಿಂದ ಪಕ್ಷಗಳ ಪಟ್ಟಿಗೆ ಮತ ಹಾಕಿ ಇಡೀ ನಗರಕ್ಕೆ ಸದಸ್ಯರನ್ನು ಹಂಚುವ ಪದ್ಧತಿಗೆ ಇಲ್ಲಿ ದಾರಿಯಿಲ್ಲ. ಆದರೆ ಒಂದು ವಾರ್ಡಿನಿಂದ ಎಷ್ಟು ಜನರನ್ನು ಆರಿಸಬೇಕೆಂಬುದನ್ನು ಆ ವಿಧಿ ಕಟ್ಟಿಹಾಕಿಲ್ಲ. ಮುಂಬೈ ಬಿಟ್ಟರೆ ಮಹಾರಾಷ್ಟ್ರದ ಇತರ ಮಹಾನಗರ ಪಾಲಿಕೆಗಳಲ್ಲಿ ಒಂದೊಂದು ಪ್ರಭಾಗದಿಂದ (ವಾರ್ಡಿಗೆ ಅಲ್ಲಿನ ಹೆಸರು) ಹಲವು ಸದಸ್ಯರನ್ನು ಆರಿಸುವ ಪದ್ಧತಿ ನಡೆದುಬಂದಿರುವುದು ಇದೇ ಸಂವಿಧಾನದ ಅಡಿಯಲ್ಲಿ.

ಅಷ್ಟು ದೂರ ಹೋಗುವುದೂ ಬೇಡ. ಕೊಪ್ಪಳ ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಒಂದೇ ಕ್ಷೇತ್ರಕ್ಕೆ ಎರಡು, ಮೂರು, ನಾಲ್ಕು ಸ್ಥಾನಗಳಿರುವುದು ಸಾಮಾನ್ಯ. ನಾನೂರು ಜನಕ್ಕೊಬ್ಬ ಸದಸ್ಯ ಎಂಬ ಲೆಕ್ಕದಲ್ಲಿ ಸ್ಥಾನಗಳು ಹಂಚಿಕೆಯಾಗುತ್ತವೆ. ಮೂರು ಸ್ಥಾನವಿದ್ದರೆ ಮತದಾರನ ಕೈಯಲ್ಲಿ ಮೂರು ಮತ. ಮತಪತ್ರದಲ್ಲಿ ಮೂವರ ಮುಂದೆ ಮುದ್ರೆ ಒತ್ತಬಹುದು, ಒಬ್ಬರಿಗೇ ಮೂರನ್ನೂ ಹಾಕುವಂತಿಲ್ಲ. ಒಂದು ಪರಿಶಿಷ್ಟ ಜಾತಿಗೆ, ಒಂದು ಮಹಿಳೆಗೆ, ಒಂದು ಸಾಮಾನ್ಯ ಎಂದು ಒಂದೇ ಕ್ಷೇತ್ರದಲ್ಲಿ ಮೀಸಲಾತಿ ಕೂಡಿಕೊಂಡಿರುತ್ತದೆ. ‘ಮಹಿಳೆ ಸೀಟಿಗೆ ಆಕೆಗೆ, ಜನರಲ್ ಸೀಟಿಗೆ ಈತಗ, ಇನ್ನೊಂದು ನಿಮ್ಮ ಮನಸ್ಸಿಗೆ ಬಂದವ್ರಿಗೆ’ ಎಂದು ಕಟ್ಟೆಯ ಮೇಲೆ ಕುಳಿತು ಲೆಕ್ಕ ಹೇಳುವ ಹಿರಿಯರಿಗೆ ಈ ಪದ್ಧತಿಯ ಒಳಹೊರಗೆಲ್ಲ ಗೊತ್ತು. ಅದೇ ಮತದಾರ ಮಕ್ಕಳ ಶಾಲೆಗೆಂದು ಕೊಪ್ಪಳಕ್ಕೆ ಬಂದು ಮನೆ ಮಾಡಿದರೆ ಅವನ ಮೂರು ಮತ ಒಂದಕ್ಕೆ ಇಳಿಯುತ್ತದೆ. ಹಳ್ಳಿಯವನಿಗೆ ಅರ್ಥವಾಗುವ ಪದ್ಧತಿ ನಗರದವನಿಗೆ ಅರ್ಥವಾಗದು ಎಂದು ಶಾಸನ ಬರೆದವರು ಭಾವಿಸಿದ್ದರೆ, ಅದು ತಿರುವುಮುರುವಾದ ಲೆಕ್ಕ.

ವಾರ್ಡಿಗೆ ಒಬ್ಬರೇ ಎಂಬ ಪದ್ಧತಿಯ ಅತಿ ದೊಡ್ಡ ಹಾನಿ ಮತಗಳ ಎಣಿಕೆಯಲ್ಲಿ ಕಾಣುವುದಿಲ್ಲ, ಮೀಸಲಾತಿಯ ಸುತ್ತುವಿಕೆಯಲ್ಲಿ ಕಾಣುತ್ತದೆ. ಕರ್ನಾಟಕದ ನಗರಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇ 50ರಷ್ಟು ಸ್ಥಾನ ಮೀಸಲು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಜನಸಂಖ್ಯೆಯ ಪ್ರಮಾಣದಲ್ಲಿ, ಹಿಂದುಳಿದ ವರ್ಗ ‘ಎ’ ಮತ್ತು ‘ಬಿ’ಗಳಿಗೆ ಅವುಗಳ ಪಾಲಿನಷ್ಟು. ಈ ಮೀಸಲಾತಿ ಬೇಕೇ ಬೇಡವೇ ಎಂಬುದು ಇಲ್ಲಿನ ಚರ್ಚೆಯಲ್ಲ. ಅದು ಇಲ್ಲದಿದ್ದರೆ ಈ ಮೂರೂ ಊರುಗಳ ಸಭಾಂಗಣಗಳಲ್ಲಿ ಯಾರು ಕುಳಿತಿರುತ್ತಿದ್ದರು ಎಂಬುದನ್ನು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ. ತೊಂದರೆ ಇರುವುದು ಅದನ್ನು ಒಂದೊಂದೇ ಸ್ಥಾನದ ವಾರ್ಡ್‌ಗಳಿಗೆ ಅಂಟಿಸುವ ರೀತಿಯಲ್ಲಿ. ಒಂದು ವಾರ್ಡಿನಲ್ಲಿ ಒಂದೇ ಸ್ಥಾನವಿದ್ದಾಗ ಅದು ಒಮ್ಮೆ ‘ಸಾಮಾನ್ಯ ಮಹಿಳೆ’, ಇನ್ನೊಮ್ಮೆ ‘ಹಿಂದುಳಿದ ವರ್ಗ ಎ’, ಮತ್ತೊಮ್ಮೆ ‘ಪರಿಶಿಷ್ಟ ಪಂಗಡ’ ಎಂದು ಪೂರ್ಣವಾಗಿ ಬದಲಾಗುತ್ತದೆ. ಐದು ವರ್ಷ ಚರಂಡಿಯ ಹಿಂದೆ, ನಲ್ಲಿಯ ಹಿಂದೆ ಓಡಾಡಿದವರು ಮುಂದಿನ ಚುನಾವಣೆಗೆ ತಮ್ಮ ವಾರ್ಡಿನಲ್ಲಿ ನಿಲ್ಲುವ ಅರ್ಹತೆಯನ್ನೇ ಕಳೆದುಕೊಂಡಿರುತ್ತಾರೆ.

ಮೀಸಲಾತಿಯ ಪಟ್ಟಿ ಹೊರಬಂದ ದಿನ ಯಾವುದೇ ನಗರಸಭೆಯ ಆವರಣದಲ್ಲಿ ನಿಂತವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಮೊಬೈಲಿನಲ್ಲಿ ಬಂದ ಪಟ್ಟಿಯ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ತಮ್ಮ ವಾರ್ಡಿನ ಸಂಖ್ಯೆಯ ಎದುರಿನ ಪದವನ್ನು ಓದಿ, ಒಬ್ಬರು ನಕ್ಕರೆ ಇನ್ನೊಬ್ಬರು ಸುಮ್ಮನೆ ಫೋನನ್ನು ಕಿಸೆಗೆ ಇಳಿಸುತ್ತಾರೆ. ಅರ್ಧ ಗಂಟೆಯೊಳಗೆ ‘ಪಕ್ಕದ ವಾರ್ಡ್ ಹೆಂಗೈತಿ?’ ಎಂಬ ವಿಚಾರಣೆ ಶುರುವಾಗುತ್ತದೆ. ‘ಮನ್ಯಾಗ ಯಾರನ್ನ ನಿಲ್ಲಸೂಣು?’ ಎಂಬುದು ಅದರ ಮುಂದಿನ ಮಾತು. ಮಹಿಳೆಗೆ ಮೀಸಲಾದ ವಾರ್ಡಿನಲ್ಲಿ ಪತ್ನಿಯ ಹೆಸರಿನ ಕೆಳಗೆ ಪತಿಯ ಫೋಟೊ ದೊಡ್ಡದಾಗಿ ಬರುವ ಬ್ಯಾನರುಗಳು ಹುಟ್ಟುವುದು ಆ ಸಂಜೆಯೇ. ಇನ್ನು, ಮೀಸಲು ವಾರ್ಡಿನಿಂದ ಗೆದ್ದು, ನಿಜವಾಗಿಯೂ ಕೆಲಸ ಕಲಿತು, ಬಜೆಟ್ ಸಭೆಯಲ್ಲಿ ಪ್ರಶ್ನೆ ಕೇಳುವ ಮಟ್ಟಕ್ಕೆ ಬಂದ ಸದಸ್ಯೆಯ ವಾರ್ಡ್ ಮುಂದಿನ ಬಾರಿ ಸಾಮಾನ್ಯವಾದರೆ, ಪಕ್ಷ ಆಕೆಗೆ ಬಿ ಫಾರಂ ಕೊಡುವುದು ಅಪರೂಪ. ‘ಸಾಮಾನ್ಯ’ ಎಂದರೆ ಗಂಡಸರದು ಎಂದೇ ಪಕ್ಷಗಳ ನಿಘಂಟಿನಲ್ಲಿ ಅರ್ಥ.

ನಾಲ್ಕು ಸ್ಥಾನಗಳ ಒಂದು ವಾರ್ಡನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಎರಡು ಸ್ಥಾನ ಯಾವಾಗಲೂ ಮಹಿಳೆಯರವು. ಪರಿಶಿಷ್ಟರ ಜನಸಂಖ್ಯೆ ಸಾಕಷ್ಟಿರುವಲ್ಲಿ ಒಂದು ಸ್ಥಾನ ಯಾವಾಗಲೂ ಅವರದು. ಮೀಸಲಾತಿಯ ಪ್ರಮಾಣ ಒಂದು ಅಂಶವೂ ಕಡಿಮೆಯಾಗುವುದಿಲ್ಲ. ಆದರೆ ಅದು ವಾರ್ಡಿನಿಂದ ವಾರ್ಡಿಗೆ ಅಲೆಯುವ ಬದಲು ವಾರ್ಡಿನ ಒಳಗೇ ನೆಲೆಸುತ್ತದೆ. ಸದಸ್ಯೆ ಮತ್ತೆ ಅದೇ ಮತದಾರರ ಮುಂದೆ ನಿಂತು ತನ್ನ ಐದು ವರ್ಷದ ಲೆಕ್ಕ ಒಪ್ಪಿಸಬಹುದು, ಅವರು ಬೇಡವೆಂದರೆ ಸೋಲಬಹುದು. ಹೀಗೆ ಸೋಲುವ ಅವಕಾಶವನ್ನೇ ಇಂದಿನ ಪದ್ಧತಿ ಸದಸ್ಯರಿಗೆ ಕೊಡುತ್ತಿಲ್ಲ ಎಂಬುದು ನನ್ನ ಮುಖ್ಯ ತಕರಾರು. ಮತ್ತೆ ನಿಲ್ಲಲಾಗದು ಎಂದು ಗೊತ್ತಿರುವವರು ಮೊದಲ ಅವಧಿಯಲ್ಲೇ ಹಾಕಿದ ಬಂಡವಾಳ ಎತ್ತಲು ಹೊರಟರೆ ಅದರಲ್ಲಿ ಆಶ್ಚರ್ಯವೇನಿದೆ?

ಇದಕ್ಕೆ ಎದುರು ಮಾತುಗಳಿವೆ, ಅವು ಹಗುರವಾದವಲ್ಲ. ನಾಲ್ವರು ಸದಸ್ಯರಿದ್ದರೆ ಬೀದಿದೀಪ ಕೆಟ್ಟಾಗ ಯಾರನ್ನು ಕೇಳುವುದು ಎಂಬ ದೂರು ಮಹಾರಾಷ್ಟ್ರದಲ್ಲಿ ಬಹಳ ಹಳೆಯದು. ವಾರ್ಡ್ ದೊಡ್ಡದಾದಷ್ಟೂ ಖರ್ಚು ಹೆಚ್ಚಿ, ಪಕ್ಷೇತರರಿಗೆ ಕಷ್ಟವಾಗುತ್ತದೆ. 2021ರ ಬಳ್ಳಾರಿ ಪಾಲಿಕೆ ಚುನಾವಣೆಯಲ್ಲಿ ಕಾಂಗ್ರೆಸ್ 21, ಬಿಜೆಪಿ 13 ಸ್ಥಾನ ಪಡೆದಾಗ ಐವರು ಪಕ್ಷೇತರರೂ ಗೆದ್ದಿದ್ದರು. ನಾಲ್ಕು ವಾರ್ಡ್‌ಗಳನ್ನು ಕೂಡಿಸಿದ ನಲವತ್ತು ಸಾವಿರ ಜನರ ಕ್ಷೇತ್ರದಲ್ಲಿ ಅವರೆಲ್ಲ ಗೆಲ್ಲುತ್ತಿದ್ದರೆಂದು ಹೇಳಲಾಗದು. ಇನ್ನೂ ಗಂಭೀರವಾದದ್ದು ‘ಪ್ಯಾನೆಲ್’ ರೋಗ. ಮಹಾರಾಷ್ಟ್ರದಲ್ಲಿ ನಾಲ್ಕು ಸ್ಥಾನಕ್ಕೂ ಬೇರೆಬೇರೆ ಸ್ಪರ್ಧೆ, ಪ್ರತಿಯೊಂದಕ್ಕೂ ಒಂದೊಂದು ಮತ. ಒಂದು ಪಕ್ಷಕ್ಕೆ ಆ ಪ್ರಭಾಗದಲ್ಲಿ ಸ್ವಲ್ಪ ಮುನ್ನಡೆ ಇದ್ದರೂ ನಾಲ್ಕೂ ಸ್ಥಾನಗಳು ಅದರ ಬುಟ್ಟಿಗೆ ಬೀಳುತ್ತವೆ. ಗ್ರಾಮ ಪಂಚಾಯಿತಿಯಲ್ಲೂ ಅಷ್ಟೆ: ಊರಿನ ದೊಡ್ಡ ಗುಂಪು ತನ್ನ ಮೂವರನ್ನೂ ಗೆಲ್ಲಿಸಿಕೊಂಡು, ಮೂರನೇ ಒಂದು ಭಾಗದಷ್ಟಿರುವ ಇನ್ನೊಂದು ಗುಂಪಿಗೆ ಒಂದೂ ಸ್ಥಾನ ಸಿಗದಂತೆ ಮಾಡಬಹುದು. ಬರೀ ಸ್ಥಾನಗಳನ್ನು ಕೂಡಿಸಿದರೆ ಸಾಲದು, ಮತ ಎಣಿಸುವ ಕ್ರಮವೂ ಬದಲಾಗಬೇಕು.

ಅಂಥ ಕ್ರಮವೊಂದು ನಮ್ಮ ಭಾಗದ ಪದವೀಧರರಿಗೆ, ಶಿಕ್ಷಕರಿಗೆ ಚೆನ್ನಾಗಿ ಗೊತ್ತು. ವಿಧಾನ ಪರಿಷತ್ತಿನ ಈಶಾನ್ಯ ಪದವೀಧರ ಕ್ಷೇತ್ರಕ್ಕೆ 2024ರ ಜೂನ್ 3ರಂದು ನಡೆದ ಮತದಾನದಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದವರು ಮತಪತ್ರದ ಮೇಲೆ 1, 2, 3 ಎಂದು ಅಂಕಿ ಬರೆದರು. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲೇ ಬರೆಯಬೇಕು. ಸರಿ ಗುರುತು ಹಾಕಿದರೆ, ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ, ಸಹಿ ಮಾಡಿದರೆ ಮತ ಕುಲಗೆಟ್ಟಿತು. (ಪದವಿ ಪಡೆದವರೇ ಹೀಗೆ ಮತ ಕೆಡಿಸಿಕೊಳ್ಳುವುದನ್ನು ಪ್ರತಿ ಬಾರಿಯೂ ನೋಡುತ್ತೇವೆ, ಆ ಮಾತು ಇರಲಿ.) ಅಲ್ಲಿ ಇರುವುದು ಒಂದೇ ಸ್ಥಾನವಾದ್ದರಿಂದ ಅರ್ಧಕ್ಕಿಂತ ಒಂದು ಮತ ಹೆಚ್ಚು ಬೇಕು, ಯಾರಿಗೂ ಬಾರದಿದ್ದರೆ ಕೊನೆಯಲ್ಲಿರುವವರನ್ನು ಕಣದಿಂದ ತೆಗೆದು ಅವರ ಎರಡನೇ ಪ್ರಾಶಸ್ತ್ಯದ ಮತಗಳನ್ನು ಉಳಿದವರಿಗೆ ಹಂಚುತ್ತ ಹೋಗುತ್ತಾರೆ.

ಅದೇ ಪ್ರಾಶಸ್ತ್ಯದ ಮತವನ್ನು ಹಲವು ಸ್ಥಾನಗಳ ವಾರ್ಡಿಗೆ ತಂದರೆ ಗೆಲುವಿನ ಮಿತಿ ಇಳಿಯುತ್ತದೆ. ಉದಾಹರಣೆಗೆ ಮೂರು ಸ್ಥಾನದ ವಾರ್ಡಿನಲ್ಲಿ 4,000 ಕ್ರಮಬದ್ಧ ಮತಗಳು ಬಿದ್ದವೆಂದುಕೊಳ್ಳೋಣ. ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿ, ಅಂದರೆ ನಾಲ್ಕರಿಂದ ಭಾಗಿಸಿ, ಬಂದ ಸಾವಿರಕ್ಕೆ ಒಂದು ಸೇರಿಸಿದರೆ 1,001. ಇಷ್ಟು ಮತ ಪಡೆದವರು ಗೆದ್ದಂತೆ. ಮೂವರು 1,001 ಮುಟ್ಟಿದ ಮೇಲೆ ನಾಲ್ಕನೆಯವರಿಗೆ ಅಷ್ಟು ಉಳಿಯುವುದೇ ಇಲ್ಲ. ವಾರ್ಡಿನಲ್ಲಿ ಅರ್ಧದಷ್ಟಿರುವ ಗುಂಪು ಎರಡು ಸ್ಥಾನದವರೆಗೆ ಏರಬಹುದು, ಕಾಲು ಭಾಗಕ್ಕಿಂತ ತುಸು ಹೆಚ್ಚಿರುವ ಗುಂಪಿನ ಒಂದು ಸ್ಥಾನವನ್ನು ಅದು ಕಸಿಯಲಾರದು. ಗೆದ್ದವರ ಹೆಚ್ಚುವರಿ ಮತಗಳೂ ಸೋತವರ ಮತಗಳೂ ಮುಂದಿನ ಪ್ರಾಶಸ್ತ್ಯಕ್ಕೆ ಹರಿಯುವುದರಿಂದ ‘ನನ್ನ ಓಟು ದಂಡ ಆತು’ ಎನ್ನುವವರ ಸಂಖ್ಯೆ ಕಡಿಮೆಯಾಗುತ್ತದೆ. ಮುನ್ನೂರೈವತ್ತು ಮತಕ್ಕೆ ಗೆಲ್ಲುವ ಇಂದಿನ ವಾರ್ಡಿನಲ್ಲಿ ನೂರು ಮನೆಗಳಿಗೆ ದುಡ್ಡು ಹಂಚಿದವನು ಚುನಾವಣೆಯನ್ನೇ ಕೊಂಡುಕೊಳ್ಳಬಲ್ಲ. ಸಾವಿರದ ಮಿತಿ ದಾಟುವುದಕ್ಕೆ, ಅದೂ ಎದುರಾಳಿಯ ಬೆಂಬಲಿಗರಿಂದ ಎರಡನೇ ಪ್ರಾಶಸ್ತ್ಯ ಪಡೆಯುವುದಕ್ಕೆ, ದುಡ್ಡಿನ ಜೊತೆ ಬೇರೇನಾದರೂ ಬೇಕಾಗುತ್ತದೆ. ಮೀಸಲು ಸ್ಥಾನ ತುಂಬುವ ನಿಯಮವನ್ನು ಇದರೊಳಗೆ ಹೆಣೆಯುವುದು ಸುಲಭವಲ್ಲ ನಿಜ. ಕೊನೆಯ ಸ್ಥಾನ ಮೀಸಲು ವರ್ಗದವರಿಗೇ ಸಿಗಬೇಕಾಗಿ ಬಂದಾಗ ಹೆಚ್ಚು ಮತ ಪಡೆದ ಸಾಮಾನ್ಯ ಅಭ್ಯರ್ಥಿ ಹೊರಗುಳಿಯಬೇಕಾಗುತ್ತದೆ, ಗಲಾಟೆಯೂ ಆಗುತ್ತದೆ. ಆದರೆ ಅದು ಎಣಿಕೆಯ ನಿಯಮದಲ್ಲಿ ಬಗೆಹರಿಯುವ ತೊಡಕು.

ಇಲ್ಲಿ ಮತಪತ್ರದ ಚರ್ಚೆಗೂ ಒಂದು ಅರ್ಥ ಬರುತ್ತದೆ. ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮತಪತ್ರ ಬಳಸುವಂತೆ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಪರ-ವಿರೋಧದ ಮಾತುಗಳೆಲ್ಲ ನಂಬಿಕೆ ಮತ್ತು ಅಪನಂಬಿಕೆಯ ಸುತ್ತಲೇ ನಡೆದವು. ಕಾಗದಕ್ಕೆ ಮರಳುವುದೇ ಆದರೆ, ಗುಂಡಿ ಒತ್ತುವ ಯಂತ್ರದಲ್ಲಿ ಆಗದ, ಕಾಗದದ ಮೇಲೆ ಆಗುವ ಪ್ರಾಶಸ್ತ್ಯದ ಮತವನ್ನೂ ಪರಿಶೀಲಿಸಬಹುದಿತ್ತು. ಯಾರೂ ಆ ಮಾತು ಎತ್ತಲಿಲ್ಲ.

ಮೇಯರ್‌ ನೇರ ಆಯ್ಕೆಯ ಬಗ್ಗೆ ಬಹಳ ಜನರಿಗೆ ಉತ್ಸಾಹವಿದೆ, ಅದಕ್ಕೆ ಕಾರಣವೂ ಇದೆ. 2018ರ ಆಗಸ್ಟ್ 31ರಂದು ರಾಯಚೂರು, ಕೊಪ್ಪಳ, ಗಂಗಾವತಿ ನಗರಸಭೆಗಳಿಗೆ ಮತದಾನವಾಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಹೈಕೋರ್ಟ್ ಮೆಟ್ಟಿಲೇರಿ, ಹೊಸ ಪಟ್ಟಿ ಬಂದದ್ದು 2020ರ ಅಕ್ಟೋಬರಿನಲ್ಲಿ. ಎರಡು ವರ್ಷ ಸದಸ್ಯರು ಗೆದ್ದೂ ಸದಸ್ಯರಲ್ಲ. ಆಡಳಿತಾಧಿಕಾರಿಯ ಕೈಯಲ್ಲಿ ಊರು. ಮೂವತ್ತು ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿ ಪಟ್ಟಿ ಹೊರಬಂದದ್ದು 2024ರ ಆಗಸ್ಟಿನಲ್ಲಿ. ಬಳ್ಳಾರಿ ಪಾಲಿಕೆಗೆ 2021ರ ಏಪ್ರಿಲ್‌ನಲ್ಲಿ ಚುನಾವಣೆ, ಮೇಯರ್ ಆಯ್ಕೆ 2022ರ ಮಾರ್ಚಿನಲ್ಲಿ. ಐದು ವರ್ಷದ ಅವಧಿಯನ್ನು ಮೊದಲ ಸಭೆಯ ದಿನದಿಂದ ಎಣಿಸುವುದರಿಂದ ಸದಸ್ಯರಿಗೆ ಕಾಗದದ ಮೇಲೆ ನಷ್ಟವಿಲ್ಲ, ನಷ್ಟವೆಲ್ಲ ಮತದಾರನದು: 2018ರಲ್ಲಿ ಹಾಕಿದ ಒಂದು ಮತವನ್ನು 2025ರವರೆಗೆ ಎಳೆದ ಹಾಗಾಯಿತು. ಮೇಲಾಗಿ ಪಾಲಿಕೆಗಳಿಗೆ ಅನ್ವಯಿಸುವ 1976ರ ಕಾಯ್ದೆಯಂತೆ ಮೇಯರ್ ಅವಧಿ ಒಂದೇ ವರ್ಷ. 2023ರಲ್ಲಿ 23 ವರ್ಷದ ಡಿ. ತ್ರಿವೇಣಿ ಬಳ್ಳಾರಿಯ ಮೇಯರ್ ಆದಾಗ ರಾಜ್ಯದಲ್ಲೆಲ್ಲ ಸುದ್ದಿಯಾಯಿತು. ಆದರೆ ಬಜೆಟ್ಟಿನ ಒಂದು ಸುತ್ತು ಮುಗಿಯುವಷ್ಟರಲ್ಲಿ ಅಧಿಕಾರ ಮುಗಿಯುವ ಕುರ್ಚಿಯಲ್ಲಿ ಯಾರು ಕುಳಿತರೂ ಏನು ಮಾಡಲು ಸಾಧ್ಯ?

ಆದರೂ ನೇರ ಆಯ್ಕೆಯೇ ಮದ್ದು ಎಂದು ನಾನು ಒಪ್ಪುವುದಿಲ್ಲ. ಅದನ್ನು ಮಾಡಿ ನೋಡಿದ ರಾಜ್ಯಗಳು ಹಗ್ಗಜಗ್ಗಾಟದಲ್ಲೇ ಇವೆ. ತಮಿಳುನಾಡು 2011ರಲ್ಲಿ ನೇರವಾಗಿ ಆರಿಸಿ 2022ರಲ್ಲಿ ಸದಸ್ಯರ ಮೂಲಕ ಆರಿಸಿತು. ಛತ್ತೀಸಗಡ 2019ರಲ್ಲಿ ನೇರ ಆಯ್ಕೆ ಕೈಬಿಟ್ಟು 2025ರಲ್ಲಿ ಮತ್ತೆ ಅದಕ್ಕೇ ಮರಳಿತು. ಮಹಾರಾಷ್ಟ್ರದ ನಗರಾಧ್ಯಕ್ಷರ ಕಥೆಯೂ ಇದೇ. ಸರ್ಕಾರ ಬದಲಾದಾಗ ಪದ್ಧತಿ ಬದಲಾಗುತ್ತದೆ ಎಂದರೆ ಅದು ಜನರ ಅನುಕೂಲಕ್ಕೆ ಆದದ್ದಲ್ಲ. ನಮ್ಮ ಕಾಯ್ದೆಯಲ್ಲಿ ಕಾರ್ಯಾಧಿಕಾರವೆಲ್ಲ ಆಯುಕ್ತರದು. ಅಧಿಕಾರವಿಲ್ಲದ ಹುದ್ದೆಗೆ ಇಡೀ ನಗರದ ಮತ ಪಡೆದವರನ್ನು ಕೂರಿಸಿದರೆ ಒಂದು ಕಡೆ ಆಯುಕ್ತರು, ಇನ್ನೊಂದು ಕಡೆ ಶಾಸಕರು, ನಡುವೆ ಸಿಟ್ಟಿಗೆದ್ದ ಮೇಯರ್. ಅಧ್ಯಕ್ಷರ ಆಯ್ಕೆಯಲ್ಲಿ ಶಾಸಕರಿಗೂ ಸಂಸದರಿಗೂ ಮತ ಇರುವುದನ್ನು ತೆಗೆಯುವುದು, ಮೇಯರ್ ಅವಧಿಯನ್ನು ಕನಿಷ್ಠ ಮೂವತ್ತು ತಿಂಗಳಿಗೆ ಏರಿಸುವುದು, ಅಧ್ಯಕ್ಷ ಸ್ಥಾನದ ಎರಡೂ ಅವಧಿಗಳ ಮೀಸಲಾತಿಯನ್ನು ವಾರ್ಡ್ ಚುನಾವಣೆಯ ಅಧಿಸೂಚನೆಗೆ ಮೊದಲೇ ಪ್ರಕಟಿಸುವುದು, ಇವು ಅದಕ್ಕಿಂತ ಸಣ್ಣ, ಆದರೆ ಹೆಚ್ಚು ಫಲ ಕೊಡುವ ತಿದ್ದುಪಡಿಗಳು.

ಒಂದು ಸಂಗತಿ ಮಾತ್ರ ನೇರ ಆಯ್ಕೆಯವರ ವಾದಕ್ಕೆ ಬಲ ಕೊಡುತ್ತದೆ. 2022ರ ಬೇಸಿಗೆಯಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಜನ ಬೊಟ್ಟು ಮಾಡಿದ್ದು ನೀರು ಶುದ್ಧೀಕರಣ ಘಟಕದ ನಿರ್ವಹಣೆಯ ಕಡೆಗೆ. ಆ ಘಟಕ ಎಲ್ಲ 35 ವಾರ್ಡ್‌ಗಳಿಗೂ ಸೇರಿದ್ದು, ಅಂದರೆ ಯಾವ ಒಬ್ಬ ಸದಸ್ಯನ ಗೆಲುವು-ಸೋಲೂ ಅದನ್ನು ಅವಲಂಬಿಸಿಲ್ಲ. ಎರಡು ಓಣಿಯ ಮತದಿಂದ ಗೆದ್ದವರು ಎರಡು ಓಣಿಯ ಸಿ.ಸಿ. ರಸ್ತೆಯನ್ನೇ ನೋಡುತ್ತಾರೆ, ಊರಿನ ಹೊರಗಿರುವ ತೊಟ್ಟಿಯ ತಳದಲ್ಲಿ ಕೂತ ಕೆಸರು ಅವರ ಕಣ್ಣಿಗೆ ಬೀಳಬೇಕಾದರೆ ಅವರ ಕ್ಷೇತ್ರ ಅಷ್ಟು ಅಗಲವಾಗಿರಬೇಕು. ಇದಕ್ಕೆ ನೇರ ಮೇಯರ್ ಒಂದು ಉತ್ತರವಾದರೆ, ಹತ್ತು-ಹನ್ನೆರಡು ದೊಡ್ಡ ವಾರ್ಡ್‌ಗಳಿಂದ ಮೂರು ಮೂರು ಜನ ಬರುವ ಸಭೆ ಇನ್ನೊಂದು ಉತ್ತರ. ಎರಡನೆಯದರಲ್ಲಿ ಒಬ್ಬರ ಕೈಗೆ ಎಲ್ಲವೂ ಹೋಗುವ ಭಯವಿಲ್ಲ.

ವಾರ್ಡ್ ಗಡಿ ಎಳೆಯುವ ಅಧಿಕಾರ ಈಗ ಸರ್ಕಾರದ ಕೈಯಲ್ಲಿದೆ. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಆದರೆ ಕಣದ ಗೆರೆ ಎಳೆಯುವುದು, ಯಾವ ಗೆರೆಯೊಳಗೆ ಯಾರು ನಿಲ್ಲಬಹುದೆಂದು ಹೇಳುವುದು ಸರ್ಕಾರ. ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟ್ 2021ರಲ್ಲಿ ಮೂರು ಪರೀಕ್ಷೆಗಳ ನಿಯಮ (ಪ್ರತ್ಯೇಕ ಆಯೋಗದ ಅಧ್ಯಯನ, ಸ್ಥಳೀಯ ಸಂಸ್ಥೆವಾರು ಪ್ರಮಾಣದ ನಿಗದಿ, ಒಟ್ಟು ಮೀಸಲಾತಿ ಶೇ 50 ಮೀರದಿರುವುದು) ಹಾಕಿದಾಗ ಕರ್ನಾಟಕ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗವನ್ನು ನೇಮಿಸಿ 2022ರಲ್ಲಿ ವರದಿ ಪಡೆಯಿತು. ಮೀಸಲಾತಿಯ ಪ್ರಮಾಣಕ್ಕೆ ಸ್ವತಂತ್ರ ಆಯೋಗ ಬೇಕಾದರೆ ಅದರ ಹಂಚಿಕೆಗೂ ಬೇಕು. ಒಂದೇ ಸ್ಥಾನದ ವಾರ್ಡ್‌ಗಳಿರುವವರೆಗೆ ಈ ಗೆರೆಗಳ ಬೆಲೆ ಬಹಳ: ಒಂದು ಓಣಿಯನ್ನು ಆಚೆ ತಳ್ಳಿ ಒಬ್ಬರನ್ನು ಸೋಲಿಸಬಹುದು. ವಾರ್ಡ್ ದೊಡ್ಡದಾಗಿ ಸ್ಥಾನಗಳು ಮೂರು-ನಾಲ್ಕಾದಾಗ ಒಂದು ಓಣಿಯ ಸ್ಥಳಾಂತರದಿಂದ ಆಗುವ ಲಾಭ ಕುಗ್ಗುತ್ತದೆ. ಗೆರೆ ಎಳೆಯುವವರ ಆಸಕ್ತಿಯೂ ಜೊತೆಗೇ ಕುಗ್ಗೀತು.

ಪ್ರಯೋಗ ಮಾಡುವುದಿದ್ದರೆ ಅದಕ್ಕೆ ತಕ್ಕ ಊರು ರಾಯಚೂರು. ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿರುವ ಅದು ನಗರಸಭೆಯ ಹಳೆಯ 35 ವಾರ್ಡ್‌ಗಳ ನಕ್ಷೆಯನ್ನು ಹೇಗೂ ಬದಿಗಿಟ್ಟು ಹೊಸದನ್ನು ಬರೆಯಬೇಕು. ನಗರದ ಅಂಚಿನಲ್ಲಿ ಸೇರುವ ಹಳ್ಳಿಗಳ ಜನ ಈವರೆಗೆ ಒಂದು ಕ್ಷೇತ್ರಕ್ಕೆ ಎರಡು ಮೂರು ಮತ ಹಾಕಿ ರೂಢಿಯಾದವರು. ಕರಡು ನಕ್ಷೆ ಪ್ರಕಟವಾದಾಗ ಆಕ್ಷೇಪಣೆಗೆ ಸಿಗುವುದು ಕೆಲವೇ ದಿನ, ಮತ್ತು ಬರುವ ಅರ್ಜಿಗಳೆಲ್ಲ ಸಾಮಾನ್ಯವಾಗಿ ‘ನಮ್ಮ ಓಣಿಯನ್ನು ಇಂಥ ವಾರ್ಡಿಗೆ ಸೇರಿಸಿ’ ಎಂಬವೇ. ಅವುಗಳ ನಡುವೆ, ಮೂರು ವಾರ್ಡ್‌ಗಳನ್ನು ಒಂದು ಮಾಡಿ ಮೂವರನ್ನು ಕೊಡಿ ಎಂದು ಕೇಳುವ ಅರ್ಜಿಯೂ ಒಂದಿರಲಿ. ಇಂದಿನ ಕಾಯ್ದೆಯಲ್ಲಿ ಅದನ್ನು ಒಪ್ಪಲು ಅವಕಾಶವಿಲ್ಲ ಎಂಬ ಉತ್ತರ ಬರುತ್ತದೆ. ಆ ಉತ್ತರ ಲಿಖಿತವಾಗಿ ಕೈಗೆ ಬಂದರೆ, ಕಾಯ್ದೆ ತಿದ್ದಬಲ್ಲ ಶಾಸಕರ ಮನೆಯ ಬಾಗಿಲಿಗೆ ಒಯ್ಯಲು ಒಂದು ಕಾಗದವಾದರೂ ಇರುತ್ತದೆ.